ವರ್ಷಾಂತ್ಯದ ರಜೆ: ಸಿನಿಮಾಕ್ಕೆಷ್ಟು, ಖರೀದಿಗೆಷ್ಟು, ಓವನ್‌ಗೆಷ್ಟು?

ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗಿನ ರಜೆಯಲ್ಲಿ ಮನೆಮಂದಿಯ ಆಸೆಗಳು ಹೆಚ್ಚುಕಡಿಮೆ ಮೂರು. ಸಿನಿಮಾ ನೋಡಬೇಕು, ಉಡುಗೊರೆ ಕೊಳ್ಳಬೇಕು, ಕೇಕ್ ಅಥವಾ ಬಿಸ್ಕತ್ತು ಏನಾದರೊಂದನ್ನು ಮನೆಯಲ್ಲೇ ಮಾಡಬೇಕು. ಮೂರೂ ಒಳ್ಳೆಯ ಆಸೆಗಳೇ. ಆದರೆ ಮೂರೂ ಒಂದೇ ಬಗೆಯ ಸಮಯವನ್ನು ಬೇಡುತ್ತವೆ ಎಂದುಕೊಂಡು ಒಂದೇ ದಿನಕ್ಕೆ ತುರುಕಿದರೆ ಯಾವುದರ ಸುಖವೂ ಪೂರ್ತಿ ಸಿಗುವುದಿಲ್ಲ. ಸಿನಿಮಾಕ್ಕೆ ಎರಡು, ಎರಡೂವರೆ ಗಂಟೆಯ ಅಡ್ಡಿಯಿಲ್ಲದ ಗಮನ ಬೇಕು. ಬೇಕಿಂಗ್‌ಗೆ ಅರ್ಧ ಗಂಟೆಯ ದುಡಿಮೆ, ಆಮೇಲೆ ಗಂಟೆಗಟ್ಟಲೆ ಕಾಯುವ ತಾಳ್ಮೆ, ಕೊನೆಗೆ ಹತ್ತು ನಿಮಿಷದ ಎಚ್ಚರ ಬೇಕು. ಖರೀದಿಗೆ ಮಾತ್ರ ಅಳತೆಯೆಂಬುದಿಲ್ಲ. ಎಷ್ಟು ಹೊತ್ತು ಕೊಟ್ಟರೂ ನುಂಗುತ್ತದೆ.

ನನ್ನ ನಿಲುವು ಸ್ಪಷ್ಟ: ರಜೆಯ ನಡುಮನೆಯಲ್ಲಿ ಓವನ್ ಇರಲಿ, ಉಳಿದೆರಡು ಅದರ ಸುತ್ತ ಕೂರಲಿ. ಓವನ್ ಕಾಯಿಸುವ ಹೊತ್ತಿನಲ್ಲಿ ಸಿನಿಮಾ ನೋಡಬಹುದು. ಓವನ್‌ನಿಂದ ಬಂದದ್ದನ್ನು ಡಬ್ಬಿಗೆ ಹಾಕಿ ಕೊಟ್ಟರೆ ಕೊಳ್ಳಬೇಕಾದ ಉಡುಗೊರೆಗಳ ಪಟ್ಟಿಯೂ ಕುಗ್ಗುತ್ತದೆ. ಹಾಗಾಗಿ ಮೊದಲು ನಿರ್ಧರಿಸಬೇಕಾದದ್ದು ಏನನ್ನು ಬೇಯಿಸುವುದು ಎಂಬುದನ್ನು.

ಏನು ಬೇಯಿಸುವುದು?

ಈ ಋತುವಿನ ತಿನಿಸುಗಳು ನೂರಾರು. ಮನೆಯ ಅಡುಗೆಮನೆಗೆ ನಿಜವಾಗಿ ಒಗ್ಗುವ ದಾರಿಗಳು ನಾಲ್ಕು: ಒಣಹಣ್ಣಿನ ಕೇಕ್, ಬೆಣ್ಣೆ ಬಿಸ್ಕತ್ತು, ಶುಂಠಿ ಬಿಸ್ಕತ್ತು, ಯೀಸ್ಟ್ ಹಾಕಿದ ಸಿಹಿ ಬ್ರೆಡ್.

ಒಣಹಣ್ಣಿನ ಕೇಕ್ ಮುಂದಾಲೋಚನೆ ಇರುವವರದು. ದ್ರಾಕ್ಷಿ, ಅಂಜೂರ, ಖರ್ಜೂರ, ಕಿತ್ತಳೆ ಸಿಪ್ಪೆಗಳನ್ನು ರಮ್ ಅಥವಾ ಬ್ರಾಂದಿಯಲ್ಲಿ ವಾರಗಳ ಮೊದಲೇ ನೆನೆಹಾಕುವುದು ಹಳೆಯ ಕ್ರಮ. ಡಿಸೆಂಬರ್ ಕೊನೆಗೆ ನೆನಪಾದರೂ ಕಾಲ ಮಿಂಚಿಲ್ಲ. ಹಣ್ಣುಗಳನ್ನು ಕಿತ್ತಳೆ ರಸದಲ್ಲಿ ಕೆಲವು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ, ಮುಚ್ಚಿ, ರಾತ್ರಿಯಿಡೀ ಬಿಟ್ಟರೆ ಚೆನ್ನಾಗಿ ರಸ ಹೀರಿಕೊಳ್ಳುತ್ತವೆ. ಹಣ್ಣು ಹೆಚ್ಚಿರುವ ಇಂಥ ಕೇಕ್ ಕಡಿಮೆ ಶಾಖದಲ್ಲಿ, 140ರಿಂದ 150 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನಿಧಾನವಾಗಿ ಬೇಯಬೇಕು. 20 ಸೆಂಟಿಮೀಟರ್ ಟಿನ್‌ನದಕ್ಕೆ ಎರಡೂವರೆ ಗಂಟೆಯಿಂದ ಮೂರು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಅಂಚು ಸೀಯದಿರಲು ಟಿನ್‌ಗೆ ಬೆಣ್ಣೆ ಕಾಗದವನ್ನು ಎರಡು ಪದರ ಹಾಸಬೇಕು. ಮೇಲ್ಭಾಗ ಬೇಗ ಕೆಂಪಗಾಗುತ್ತಿದ್ದರೆ ಫಾಯಿಲ್ ಹೊದಿಸಬೇಕು. ಹಣ್ಣೆಲ್ಲ ತಳಕ್ಕಿಳಿಯಿತು ಎಂದು ಗೊಣಗುವವರು ಹಣ್ಣನ್ನು ಹಿಟ್ಟಿನಲ್ಲಿ ಹೊರಳಿಸುವ ಉಪಾಯಕ್ಕೇ ಜೋತುಬೀಳುತ್ತಾರೆ. ಕೇಕ್ ಮಿಶ್ರಣವೇ ತೀರ ತೆಳ್ಳಗಿದ್ದರೆ ಆ ಉಪಾಯದಿಂದ ಅಷ್ಟೇನೂ ಪ್ರಯೋಜನವಿಲ್ಲ. ಚಮಚದಿಂದ ಜಾರದೆ ತಡೆದು ಬೀಳುವಷ್ಟು ಮಿಶ್ರಣ ಗಟ್ಟಿಯಿರಬೇಕು. ಈ ಕೇಕ್‌ನ ದೊಡ್ಡ ಗುಣವೆಂದರೆ ಅದು ಮಾಡಿದ ದಿನಕ್ಕಿಂತ ನಾಲ್ಕು ದಿನ ಬಿಟ್ಟು ತಿಂದಾಗ ಹೆಚ್ಚು ರುಚಿ. ರಮ್ ಸವರುತ್ತ ಬಂದದ್ದು ತಿಂಗಳುಗಟ್ಟಲೆ ಇರುತ್ತದೆ. ರಸದಲ್ಲಿ ನೆನೆಸಿದ್ದನ್ನು ಫ್ರಿಜ್‌ನಲ್ಲಿಟ್ಟು ವಾರದೊಳಗೆ ಮುಗಿಸುವುದು ಒಳ್ಳೆಯದು.

ಬೆಣ್ಣೆ ಬಿಸ್ಕತ್ತು ಮೊದಲ ಬಾರಿಗೆ ಓವನ್ ಹಚ್ಚುವವರಿಗೆ, ಮಕ್ಕಳಿರುವ ಮನೆಗೆ. ಅಳತೆ ಬಾಯಿಪಾಠವಾಗುವಷ್ಟು ಸರಳ: ಸಕ್ಕರೆ ಒಂದು ಪಾಲು, ಬೆಣ್ಣೆ ಎರಡು, ಮೈದಾ ಮೂರು. ಎಲ್ಲವೂ ತೂಕದಲ್ಲಿ. 100 ಗ್ರಾಂ, 200 ಗ್ರಾಂ, 300 ಗ್ರಾಂ, ಚಿಟಿಕೆ ಉಪ್ಪು. ಮೊಟ್ಟೆ ಬೇಡ, ಸೋಡಾ ಬೇಡ. ಇಲ್ಲಿ ಎಲ್ಲ ಗುಟ್ಟೂ ಬೆಣ್ಣೆಯ ತಂಪಿನಲ್ಲಿದೆ. ಬೆರಳೊತ್ತಿದರೆ ಗುಳಿ ಬೀಳಬೇಕು, ಆದರೆ ಹೊಳಪು ಬಂದು ಜಿಡ್ಡು ಬಿಟ್ಟಿರಬಾರದು. ಕರಗುವ ಹಂತಕ್ಕೆ ಬಂದ ಬೆಣ್ಣೆಯಿಂದ ಮಾಡಿದ ಬಿಸ್ಕತ್ತು ಓವನ್‌ನಲ್ಲಿ ಹರಡಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಕಲಸಿದ ಹಿಟ್ಟನ್ನು ಉರುಳೆಯಾಗಿ ಸುತ್ತಿ ಮುಕ್ಕಾಲು ಗಂಟೆ ಫ್ರಿಜ್‌ನಲ್ಲಿಟ್ಟು, ಆಮೇಲೆ ಬಿಲ್ಲೆಗಳಾಗಿ ಕತ್ತರಿಸಿ, 170 ಡಿಗ್ರಿಯಲ್ಲಿ ಅಂಚು ಹೊಂಬಣ್ಣಕ್ಕೆ ತಿರುಗುವವರೆಗೆ ಬೇಯಿಸಿದರೆ ಆಯಿತು. ಹೆಚ್ಚೆಂದರೆ ಹದಿನೈದು ನಿಮಿಷ. ಉರುಳೆಯನ್ನು ಫ್ರೀಜರ್‌ನಲ್ಲಿಟ್ಟರೆ ಎರಡು ಮೂರು ತಿಂಗಳು ಕೆಡದು. ಅತಿಥಿಗಳು ಬಾಗಿಲು ತಟ್ಟಿದ ಮೇಲೂ ಬಿಸಿ ಬಿಸ್ಕತ್ತು ಕೊಡುವ ಭಾಗ್ಯ ಇದೊಂದರಲ್ಲೇ ಇದೆ. ಒಂದು ಎಚ್ಚರಿಕೆ: ಹಸಿ ಮೈದಾದಲ್ಲೂ ರೋಗಾಣುಗಳು ಇರಬಹುದಾದ್ದರಿಂದ, ಮೊಟ್ಟೆಯಿಲ್ಲದ ಹಿಟ್ಟೆಂದು ಮಕ್ಕಳಿಗೆ ಹಸಿಯಾಗಿ ನೆಕ್ಕಲು ಕೊಡಬೇಡಿ.

ಶುಂಠಿ ಬಿಸ್ಕತ್ತಿನಲ್ಲಿ ಎರಡು ಬೇರೆಬೇರೆ ಉದ್ದೇಶಗಳಿವೆ; ಅವನ್ನು ಬೆರೆಸಬಾರದು. ತಿನ್ನಲು ಮಾಡುವುದಾದರೆ ಜೇನು ಅಥವಾ ಕಾಕಂಬಿ, ಒಣಶುಂಠಿ, ದಾಲ್ಚಿನ್ನಿ, ಲವಂಗ ಹಾಕಿ ಕಲಸಿ, ಒಂದು ರಾತ್ರಿ ಬಿಟ್ಟು ಮೃದುವಾಗಿ ಬೇಯಿಸಬೇಕು. ಜರ್ಮನಿಯ ನ್ಯೂರೆಂಬರ್ಗ್ ನಗರ ಹೆಸರಾಗಿರುವುದು ಈ ಬಗೆಯ ಮಸಾಲೆ ಬಿಸ್ಕತ್ತಿಗೆ. ಗೋಡೆ, ಛಾವಣಿಯ ಪುಟ್ಟ ಮನೆ ಕಟ್ಟುವುದಾದರೆ ಹಿಟ್ಟಿಗೆ ಸೋಡಾ ಬಹಳ ಕಡಿಮೆ ಅಥವಾ ಇಲ್ಲವೇ ಇಲ್ಲ, ಹಲಗೆಯಂತೆ ಗಟ್ಟಿಯಾಗಲೇಬೇಕು. ಹಾಗಾಗಿ ಆ ಮನೆಯನ್ನು ನೋಡಿ ಸಂತೋಷಪಡಬೇಕೇ ಹೊರತು ರುಚಿಯನ್ನು ನಿರೀಕ್ಷಿಸಬಾರದು. ಅಂಟಿಸುವ ಐಸಿಂಗ್‌ಗೆ ಮೊಟ್ಟೆಯ ಬಿಳಿ ಮತ್ತು ಸಕ್ಕರೆ ಪುಡಿ ಸಾಕು. ಆದರೆ ಅದು ಬೇಯುವುದಿಲ್ಲವಾದ್ದರಿಂದ ಪಾಶ್ಚರೀಕರಿಸಿದ, ಅಂದರೆ ರೋಗಾಣು ಸಾಯುವಷ್ಟು ಹದವಾಗಿ ಕಾಯಿಸಿದ ಬಿಳಿಯನ್ನೇ ಬಳಸಿ. ಎರಡು ದಿನ ಒಂದು ಮೇಜನ್ನು ಬಿಟ್ಟುಕೊಡಬಲ್ಲವರು ಮಾತ್ರ ಮನೆ ಕಟ್ಟಲು ಹೊರಡಿ.

ಯೀಸ್ಟ್ ಬ್ರೆಡ್‌ಗಳ ಲೋಕ ದೊಡ್ಡದು, ನನಗೆ ಬಲು ಪ್ರಿಯವಾದದ್ದು. ಡ್ರೆಸ್‌ಡೆನ್‌ನ ಸ್ಟೊಲೆನ್, ಮಿಲಾನ್‌ನ ಪನೆಟ್ಟೋನೆ ಇವೆರಡೂ ಈ ಕುಲದವೇ. ಡ್ರೆಸ್‌ಡೆನ್‌ನ ಕ್ರಿಸ್‌ಮಸ್ ಸಂತೆ 1434ರಿಂದ ನಡೆದುಬಂದಿದೆ. ಅದಕ್ಕೆ ಸ್ಟ್ರೀಟ್ಸೆಲ್‌ಮಾರ್ಕ್ಟ್ ಎಂಬ ಹೆಸರು ಬಂದದ್ದೇ ಸ್ಟೊಲೆನ್‌ನ ಹಳೆಯ ಹೆಸರಿನಿಂದ. ಸ್ಟೊಲೆನ್ ದಟ್ಟವಾದದ್ದು. ಬೆಂದ ಕೂಡಲೇ ಕರಗಿದ ಬೆಣ್ಣೆ ಸವರಿ ಸಕ್ಕರೆ ಪುಡಿ ಹೊದಿಸುತ್ತಾರೆ. ಹೀಗೆ ಹೊದಿಸಿದ್ದು ಒಣಗದೆ ವಾರಗಟ್ಟಲೆ ಬಾಳುತ್ತದೆ. ಎರಡರಲ್ಲಿ ಒಂದನ್ನು ಮನೆಯಲ್ಲಿ ಮಾಡುವುದಾದರೆ ಸ್ಟೊಲೆನ್ ಮಾಡಿ. ಪನೆಟ್ಟೋನೆಗೆ ದಿನಗಟ್ಟಲೆ ಪೋಷಿಸಿದ ಹುಳಿಹಿಟ್ಟು ಬೇಕು. ಬೆಂದ ಮೇಲೆ ಕುಸಿಯದಂತೆ ಅದನ್ನು ತಲೆಕೆಳಗಾಗಿ ತೂಗುಹಾಕಿ ಆರಿಸಬೇಕು. ಅದನ್ನು ಅಂಗಡಿಯಿಂದ ತಂದರೆ ಯಾವ ಅವಮಾನವೂ ಇಲ್ಲ. ಯೀಸ್ಟ್ ಹಿಡಿಯುವವರು ನೆನಪಿಡಬೇಕಾದ ಸಂಗತಿ ಶಾಖ: ಹಾಲು ಮುಟ್ಟಿದರೆ ಉಗುರುಬೆಚ್ಚಗಿರಬೇಕು, 40 ಡಿಗ್ರಿ ದಾಟಬಾರದು. 60ರ ಹತ್ತಿರ ಹೋದರೆ ಯೀಸ್ಟ್ ಸತ್ತೇ ಹೋಗುತ್ತದೆ. ಬೆಣ್ಣೆ, ಸಕ್ಕರೆ ಹೆಚ್ಚಿದ್ದಷ್ಟೂ ಹಿಟ್ಟು ನಿಧಾನವಾಗಿ ಉಬ್ಬುತ್ತದೆ. ಅವಸರಪಟ್ಟು ಬಿಸಿ ಜಾಗದಲ್ಲಿಟ್ಟರೆ ಪರಿಮಳ ಕಳೆದುಕೊಳ್ಳುತ್ತದೆ.

ಯಾವುದನ್ನು ಆರಿಸಿದರೂ ತಕ್ಕಡಿಯೊಂದು ಇರಲಿ. ಒಂದು ಕಪ್ ಮೈದಾ ಎಂದರೆ ಹಗುರಾಗಿ ತುಂಬಿದಾಗ 120 ಗ್ರಾಂ, ಒತ್ತಿ ತುಂಬಿದಾಗ 150 ಗ್ರಾಂ. ಕಾಲು ಭಾಗದಷ್ಟು ವ್ಯತ್ಯಾಸವಾದ ಮೇಲೆ ಪಾಕವಿಧಾನವನ್ನು ದೂರಿ ಫಲವಿಲ್ಲ. ಕಪ್‌ನ ಅಳತೆಯೂ ಎಲ್ಲೆಡೆ ಒಂದೇ ಅಲ್ಲ. ಅಮೆರಿಕದ ಕಪ್ ಸುಮಾರು 237 ಮಿಲಿಲೀಟರ್, ಮೆಟ್ರಿಕ್ ಕಪ್ 250. ಅಮೆರಿಕದ ಬರಹಗಳಲ್ಲಿ ಕಾಣುವ 350 ಡಿಗ್ರಿ ಫ್ಯಾರನ್‌ಹೀಟ್ ನಮ್ಮ ಲೆಕ್ಕದಲ್ಲಿ 177 ಡಿಗ್ರಿ ಸೆಲ್ಸಿಯಸ್. ಓವನ್‌ನಲ್ಲಿ ಫ್ಯಾನ್ ತಿರುಗುತ್ತಿದ್ದರೆ ಹೇಳಿದ್ದಕ್ಕಿಂತ 20 ಡಿಗ್ರಿ ಇಳಿಸಿ. ಕನ್ವೆಕ್ಷನ್, ಅಂದರೆ ಬಿಸಿಗಾಳಿಯಲ್ಲಿ ಬೇಯಿಸುವ ಸೌಲಭ್ಯ, ಇಲ್ಲದ ಸಾದಾ ಮೈಕ್ರೋವೇವ್‌ನಲ್ಲಿ ಹೊಂಬಣ್ಣ ಬಾರದು. ಇದ್ದದ್ದು ಅದೊಂದೇ ಆದರೆ ಈ ನಾಲ್ಕನ್ನೂ ಬಿಟ್ಟು, ಕರಗಿಸಿದ ಚಾಕೊಲೇಟ್‌ಗೆ ಬೀಜ, ಒಣಹಣ್ಣು ಬೆರೆಸಿ ತಂಪಿನಲ್ಲಿಡುವ ತಿನಿಸಿಗೆ ಹೋಗಿ.

ಚಿತ್ರಮಂದಿರವೋ, ಮನೆಯೋ?

ಸಿನಿಮಾಕ್ಕೂ ಈ ವಾರಕ್ಕೂ ಹುಟ್ಟಿನ ನಂಟಿದೆ. ಲೂಮಿಯೇರ್ ಸಹೋದರರು ಪ್ಯಾರಿಸ್‌ನ ಗ್ರಾಂ ಕೆಫೆಯಲ್ಲಿ ಟಿಕೆಟ್ ಪಡೆದ ಜನರೆದುರು ತಮ್ಮ ಪುಟ್ಟ ಚಿತ್ರಗಳನ್ನು ಮೊದಲು ತೋರಿಸಿದ್ದು 1895ರ ಡಿಸೆಂಬರ್ 28ರಂದು. ಒಂದೊಂದೂ ಒಂದು ನಿಮಿಷಕ್ಕಿಂತ ಕಡಿಮೆಯ ಹತ್ತು ಚಿತ್ರಗಳು. ಅಪರಿಚಿತರ ಜೊತೆ ಕತ್ತಲಲ್ಲಿ ಕುಳಿತು ಒಟ್ಟಿಗೆ ಬೆರಗಾಗುವ ಆ ಸುಖಕ್ಕೆ ಇಂದಿಗೂ ಬದಲಿಯಿಲ್ಲ.

ಆದರೂ ಎಲ್ಲ ಚಿತ್ರಕ್ಕೂ ಚಿತ್ರಮಂದಿರ ಬೇಕಿಲ್ಲ. ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಈ ಚಿತ್ರದ ಬಲ ಪರದೆಯ ವಿಸ್ತಾರದಲ್ಲಿದೆಯೋ, ಮಾತು ಮತ್ತು ಮುಖಗಳಲ್ಲಿದೆಯೋ? ಸಾಹಸ, ಬಾಹ್ಯಾಕಾಶ, ದೊಡ್ಡ ಸಂಗೀತ ಇರುವಂಥದ್ದಕ್ಕೆ ಹೊರಗೆ ಹೋಗಿ. ಮಧ್ಯದಲ್ಲಿ, ಪರದೆಯಿಂದ ಮೂರನೆಯ ಎರಡರಷ್ಟು ಹಿಂದಿನ ಸಾಲು ಹಿಡಿಯಿರಿ. ಆ ಸುಮಾರಿನಲ್ಲಿ ಶಬ್ದ ಎಲ್ಲ ದಿಕ್ಕಿನಿಂದ ಸಮನಾಗಿ ಕೇಳುತ್ತದೆ. ಮನೆಯೊಳಗೆ ನಡೆಯುವ ಕಥೆ, ಹಾಸ್ಯ, ಮೂರು ತಲೆಮಾರು ಒಟ್ಟಿಗೆ ಕೂತು ನಡುನಡುವೆ ಮಾತಾಡುತ್ತ ನೋಡುವ ಹಳೆಯ ಚಿತ್ರ ಮನೆಯ ಪರದೆಗೇ ಸರಿ. ಐದು ವರ್ಷದೊಳಗಿನ ಮಕ್ಕಳಿದ್ದರೆ ಚರ್ಚೆಯೇ ಬೇಡ, ಮನೆಯೇ.

ಮನೆಯಲ್ಲಿ ನೋಡುವವರು ಟಿವಿಯ ಸೆಟ್ಟಿಂಗ್ಸ್‌ಗೆ ಹೋಗಿ ಚಲನೆಯನ್ನು ನಯಗೊಳಿಸುವ ಸೌಲಭ್ಯವನ್ನು ಮೊದಲು ಆಫ್ ಮಾಡಿ. ಸಿನಿಮಾ ಸಾಮಾನ್ಯವಾಗಿ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ತೆಗೆದದ್ದು. ನಡುವೆ ಟಿವಿ ತಾನೇ ಸೃಷ್ಟಿಸಿ ಸೇರಿಸುವ ಚೌಕಟ್ಟುಗಳಿಂದ ಒಳ್ಳೆಯ ಛಾಯಾಗ್ರಹಣವೂ ಧಾರಾವಾಹಿಯಂತೆ ಕಾಣುತ್ತದೆ. ಟಿವಿಯಲ್ಲಿ ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದನ್ನು ಹಾಕಿದರೆ ಸಾಕು. ಕೂರುವ ದೂರ ಪರದೆಯ ಕರ್ಣದ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು, ಅಂದರೆ 55 ಇಂಚಿನ ಟಿವಿಗೆ ಸುಮಾರು 2.2 ಮೀಟರ್. ನಮ್ಮಲ್ಲಿ ಬಹುಪಾಲು ಸೋಫಾಗಳು ಇದಕ್ಕಿಂತ ದೂರದಲ್ಲಿವೆ. ಆ ಒಂದು ಸಂಜೆಗೆ ಮುಂದಕ್ಕೆ ಎಳೆದುಕೊಳ್ಳಿ; ಹೊಸ ಟಿವಿ ಕೊಂಡಷ್ಟೇ ವ್ಯತ್ಯಾಸ ಕಾಣುತ್ತದೆ.

ಹೊಸತೋ ಹಳತೋ ಎಂಬ ಪ್ರಶ್ನೆಗೆ ನನ್ನ ಒಲವು ಹಳತಿನ ಕಡೆ. ರಜೆಯ ಚಿತ್ರ ಎನ್ನಿಸಿಕೊಳ್ಳುವುದು ಬಿಡುಗಡೆಯ ದಿನ ಅಲ್ಲ, ಮತ್ತೆ ಮತ್ತೆ ನೋಡಿದ ಮೇಲೆ. ಫ್ರಾಂಕ್ ಕಾಪ್ರಾ 1946ರಲ್ಲಿ ಮಾಡಿದ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಆಗ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. 1974ರಲ್ಲಿ ಅದರ ಹಕ್ಕುಸ್ವಾಮ್ಯ ನವೀಕರಣವಾಗದೆ ಉಳಿದದ್ದರಿಂದ ಅಮೆರಿಕದ ಟಿವಿ ವಾಹಿನಿಗಳು ಪ್ರತಿ ಡಿಸೆಂಬರ್‌ನಲ್ಲೂ ಅದನ್ನು ತೋರಿಸತೊಡಗಿದವು. ಅಲ್ಲಿಂದ ಅದು ಆ ಹಬ್ಬದ ಭಾಗವೇ ಆಯಿತು. ಪ್ರತಿ ವರ್ಷ ಮರಳಿ ನೋಡುವ ಒಂದು ಚಿತ್ರ, ಜೊತೆಗೆ ಮನೆಯಲ್ಲಿ ಯಾರೂ ಇನ್ನೂ ನೋಡಿರದ ಒಂದು ಹೊಸ ಚಿತ್ರ, ಇಷ್ಟು ಸಾಕು. ಯಾವುದನ್ನು ನೋಡುವುದೆಂದು ಹಗಲೇ ತೀರ್ಮಾನಿಸಿ, ಆ ಹಕ್ಕನ್ನು ದಿನಕ್ಕೊಬ್ಬರಿಗೆ ಕೊಡಿ. ರಾತ್ರಿ ಒಂಬತ್ತಕ್ಕೆ ರಿಮೋಟ್ ಹಿಡಿದು ಹುಡುಕಲು ಕೂತರೆ ಹತ್ತಕ್ಕೆ ಅರ್ಧ ಜನ ಮಲಗಿರುತ್ತಾರೆ.

ಯಾವ ತಿನಿಸಿನ ಜೊತೆ ಯಾವ ಸಿನಿಮಾ?

ಓವನ್ ಮತ್ತು ಪರದೆಯನ್ನು ಜೊತೆಗೂಡಿಸುವಾಗ ಬೆಂದ ತಿನಿಸು ಎಷ್ಟು ರುಚಿ ಎಂಬುದಕ್ಕಿಂತ, ಅದು ನಿಮ್ಮನ್ನು ಎಷ್ಟು ಸಲ ಎಬ್ಬಿಸುತ್ತದೆ ಎಂಬುದನ್ನು ನೋಡಬೇಕು.

ಇಲ್ಲಿ ಒಣಹಣ್ಣಿನ ಕೇಕ್‌ಗೆ ಸಾಟಿಯಿಲ್ಲ. ಎರಡೂವರೆ ಗಂಟೆ ಬೇಯುವ ಕೇಕ್, ಎರಡೂವರೆ ಗಂಟೆಯ ಚಿತ್ರ; ಮೊದಲ ಒಂದೂವರೆ ಗಂಟೆ ಓವನ್ ಬಾಗಿಲು ತೆರೆಯಲೇಬಾರದು, ತೆರೆದರೆ ನಡು ಕುಸಿಯಬಹುದು. ಮಧ್ಯಂತರದಲ್ಲಿ ಒಮ್ಮೆ ಎದ್ದು ಗಾಜಿನಿಂದ ಇಣುಕಿದರೆ ಸಾಕು. ಯೀಸ್ಟ್ ಬ್ರೆಡ್ ಇನ್ನೊಂದು ಬಗೆಯಲ್ಲಿ ಹೊಂದುತ್ತದೆ. ಮೊದಲ ಉಬ್ಬಿಗೆ ಒಂದು ಚಿತ್ರ ಮುಗಿಯುವಷ್ಟು ಹೊತ್ತು ಬೇಕು, ಆಕಾರ ಕೊಟ್ಟ ಮೇಲಿನ ಎರಡನೆಯ ಉಬ್ಬಿಗೆ ಊಟದ ಹೊತ್ತು, ಬೇಯಲು ಅರ್ಧ ಗಂಟೆಯ ಹರಟೆ. ಶುಂಠಿ ಮನೆಯಲ್ಲೂ ಒಂದು ಸಂದು ಸಿಗುತ್ತದೆ: ಗೋಡೆಗಳನ್ನು ನಿಲ್ಲಿಸಿದ ಮೇಲೆ ಐಸಿಂಗ್ ಗಟ್ಟಿಯಾಗುವವರೆಗೆ ಛಾವಣಿ ಇಡುವಂತಿಲ್ಲ. ಮಕ್ಕಳನ್ನು ಆ ಮೇಜಿನಿಂದ ದೂರ ಇಡಲು ಒಂದು ಕಾರ್ಟೂನ್ ಚಿತ್ರಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ಸಿನಿಮಾ ಜೊತೆ ಎಂದೂ ಒಗ್ಗದ್ದು ಬಿಸ್ಕತ್ತು. ಹದಿನೈದು ನಿಮಿಷಕ್ಕೊಮ್ಮೆ ತಟ್ಟೆ ಬದಲಾಯಿಸಬೇಕು. ಎರಡು ನಿಮಿಷ ಮೈಮರೆತರೂ ಹೊಂಬಣ್ಣ ಕಪ್ಪಾಗುತ್ತದೆ. ಬಿಸ್ಕತ್ತಿನ ದಿನ ಹಾಡು ಹಾಕಿಕೊಳ್ಳಿ, ಎಲ್ಲರೂ ಅಡುಗೆಮನೆಯಲ್ಲೇ ಇರಿ. ಅದರ ಸಂತೋಷವೇ ಬೇರೆ. ಚಿತ್ರಮಂದಿರಕ್ಕೆ ಹೋಗುವ ದಿನ ಓವನ್ ಆರಿರಬೇಕು. ಉರಿಯುವ ಓವನ್ ಬಿಟ್ಟು ಮನೆಗೆ ಬೀಗ ಹಾಕಬಾರದು. ಆ ದಿನ ಕೆಲಸ ಫ್ರಿಜ್‌ನದು: ಬಿಸ್ಕತ್ತಿನ ಉರುಳೆ ತಣ್ಣಗಾಗಲಿ, ಇಲ್ಲವೇ ಯೀಸ್ಟ್ ಹಿಟ್ಟು ತಂಪಿನಲ್ಲಿ ರಾತ್ರಿಯಿಡೀ ನಿಧಾನವಾಗಿ ಉಬ್ಬಲಿ.

ಖರೀದಿಯ ಮಾತು

ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಖರೀದಿಯನ್ನೂ ಹಾಗೆಯೇ ಮುಗಿಸಬೇಕು ಎಂಬುದು ನನ್ನ ನಂಬಿಕೆ. ಮೊದಲು ಬೆಣ್ಣೆ, ಒಣಹಣ್ಣು, ಮೈದಾ, ಡಬ್ಬಿಗಳು, ಉಡುಗೊರೆ ಆಮೇಲೆ. ಟಿನ್ ಕೊಳ್ಳುವಾಗ ಪಾಕವಿಧಾನದಲ್ಲಿ ಹೇಳಿದ ಅಳತೆಯನ್ನೇ ತನ್ನಿ. 20 ಸೆಂಟಿಮೀಟರ್‌ಗೂ 23 ಸೆಂಟಿಮೀಟರ್‌ಗೂ ಕೈಯಲ್ಲಿ ಹಿಡಿದಾಗ ಹೆಚ್ಚು ಭೇದ ಕಾಣದು. ಆದರೆ ಎರಡನೆಯದರ ತಳ ಮೂರನೆಯ ಒಂದರಷ್ಟು ದೊಡ್ಡದು; ಕೇಕ್ ತೆಳುವಾಗಿ ಬೇಗ ಒಣಗುತ್ತದೆ.

ಅಂಗಡಿಯೋ, ಆನ್‌ಲೈನೋ? ಮುಟ್ಟಿ, ತೊಟ್ಟು, ಮೂಸಿ ನೋಡಬೇಕಾದದ್ದು ಅಂಗಡಿಯಲ್ಲಿ: ಬಟ್ಟೆ, ಚಪ್ಪಲಿ, ಸುಗಂಧ, ಆಟಿಕೆ. ಹೆಸರು ಮತ್ತು ಮಾದರಿ ಗೊತ್ತಿರುವುದು ಆನ್‌ಲೈನ್‌ನಲ್ಲಿ: ಪುಸ್ತಕ, ಉಪಕರಣ, ಬಿಡಿಭಾಗ. ಆನ್‌ಲೈನ್ ಆದರೆ ಬೆಲೆಗಿಂತ ಮೊದಲು ತಲುಪುವ ದಿನ ಮತ್ತು ವಾಪಸ್ ಮಾಡುವ ಗಡುವು ನೋಡಿ. ಕೊಂಡ ದಿನದಿಂದ ಎಣಿಸುವ ಗಡುವು ಉಡುಗೊರೆ ಬಿಚ್ಚುವ ಹೊತ್ತಿಗೆ ಮುಗಿದಿರಬಹುದು. ಅರ್ಧ ಬೆಲೆ ಎಂಬ ಫಲಕ ಕಂಡಾಗ ಯಾವುದರ ಅರ್ಧ ಎಂದು ಕೇಳುವ ಅಭ್ಯಾಸ ಇರಲಿ. ಐರೋಪ್ಯ ಒಕ್ಕೂಟ 2022ರ ಮೇ ತಿಂಗಳಿನಿಂದ ಜಾರಿಗೆ ತಂದ ನಿಯಮದಂತೆ, ರಿಯಾಯಿತಿ ಘೋಷಿಸುವ ಅಂಗಡಿ ಹಿಂದಿನ 30 ದಿನಗಳಲ್ಲಿ ಆ ವಸ್ತುವಿಗಿದ್ದ ಅತಿ ಕಡಿಮೆ ಬೆಲೆಯನ್ನು ತೋರಿಸಬೇಕು. ಆ ನಿಯಮ ಇಲ್ಲದ ಕಡೆಯಲ್ಲಿ ಬೇಕಾದ ವಸ್ತುವಿನ ಬೆಲೆಯನ್ನು ನಾವೇ ಒಂದು ತಿಂಗಳು ಮೊದಲು ಬರೆದಿಟ್ಟುಕೊಳ್ಳಬೇಕು.

ಅಚ್ಚರಿಯ ಉಡುಗೊರೆಯೋ, ಕೇಳಿ ಕೊಡುವುದೋ ಎಂಬುದರ ಬಗ್ಗೆ ಅರ್ಥಶಾಸ್ತ್ರಜ್ಞ ಜೋಯಲ್ ವಾಲ್ಡ್‌ಫೋಗೆಲ್ 1993ರಲ್ಲಿ ಒಂದು ಲೆಕ್ಕ ಮುಂದಿಟ್ಟರು: ಪಡೆದವರ ಕಣ್ಣಲ್ಲಿ ಉಡುಗೊರೆಯ ಮೌಲ್ಯ, ಕೊಟ್ಟವರು ಖರ್ಚು ಮಾಡಿದ್ದಕ್ಕಿಂತ ಶೇ 10ರಿಂದ ಮೂರನೆಯ ಒಂದು ಭಾಗದಷ್ಟು ಕಡಿಮೆ. ದುಬಾರಿ ವಸ್ತುವಾದರೆ ಕೇಳಿಯೇ ಕೊಡಿ. ಅಚ್ಚರಿಗೆ ನಿಮ್ಮ ಕೈಯಾರೆ ಮಾಡಿದ ಬಿಸ್ಕತ್ತಿನ ಡಬ್ಬಿ ಇದೆ. ಅದು ಬೇಡವಾಗುವ ಮನೆ ನಾನು ಕಂಡಿಲ್ಲ. ಡಬ್ಬಿಯ ಮೇಲೆ ಒಳಗೇನಿದೆ ಎಂದು ಬರೆಯಿರಿ. ಬೀಜಗಳು, ಮೊಟ್ಟೆ, ಹಾಲು ಒಗ್ಗದವರಿರುತ್ತಾರೆ. ರಮ್ ಹಾಕಿದ್ದರೆ ಅದನ್ನಂತೂ ತಪ್ಪದೇ ತಿಳಿಸಬೇಕು.

ನಿಮ್ಮ ರಜೆ ಎಷ್ಟು ದಿನ?

ಒಂದು ವಾರವಿದ್ದರೆ ಖರೀದಿ ಮೊದಲ ದಿನ ಬೆಳಿಗ್ಗೆ ಮುಗಿಯಲಿ, ಹಣ್ಣು ಅಂದು ರಾತ್ರಿ ನೆನೆಯಲಿ, ಕೇಕ್ ಮರುದಿನ ಸಿನಿಮಾದ ಜೊತೆ ಬೇಯಲಿ. ವಾರದ ಕೊನೆಗೆ ಕತ್ತರಿಸುವಾಗ ಅದು ಹದಕ್ಕೆ ಬಂದಿರುತ್ತದೆ. ಮೂರು ದಿನವಿದ್ದರೆ ಯೀಸ್ಟ್ ಬ್ರೆಡ್ ಮತ್ತು ಒಂದು ಸಂಜೆಯ ಚಿತ್ರಮಂದಿರ. ಮಕ್ಕಳೇ ಹೆಚ್ಚಿರುವ ಮನೆಯಲ್ಲಿ ಉಳಿದದ್ದೆಲ್ಲ ಬಿಟ್ಟರೂ ಬಿಸ್ಕತ್ತು ಬಿಡಬೇಡಿ. ಒಬ್ಬರೇ ಇರುವವರು ಉರುಳೆಯನ್ನು ಫ್ರೀಜರ್‌ನಲ್ಲಿಟ್ಟು, ಪ್ರತಿ ಸಂಜೆ ಚಿತ್ರಕ್ಕೆ ಕೂರುವ ಮುನ್ನ ನಾಲ್ಕೇ ಬಿಲ್ಲೆ ಕತ್ತರಿಸಿ ಬೇಯಿಸಿಕೊಳ್ಳಿ. ಸಿಕ್ಕಿದ್ದು ಒಂದೇ ಸಂಜೆಯಾದರೆ ಖರೀದಿಯನ್ನು ಪೂರ್ತಿ ಕೈಬಿಡಿ. ಐದು ಗಂಟೆಗೆ ಬಿಸ್ಕತ್ತಿನ ಹಿಟ್ಟು ಕಲಸಿ, ಏಳರೊಳಗೆ ಕೊನೆಯ ತಟ್ಟೆ ಹೊರತೆಗೆದು ಓವನ್ ಆರಿಸಿ, ಎಂಟಕ್ಕೆ ಎಲ್ಲರೂ ಬಲ್ಲ ಹಳೆಯ ಚಿತ್ರವೊಂದನ್ನು ಹಾಕಿ.